ದರ್ಜೆ ಒಂದು, ದರ ಮತ್ತೊಂದು: ಅಮೆರಿಕದ ಫುಟ್‌ಬಾಲ್ ಆಯ್ಕೆಯ ಲೆಕ್ಕಾಚಾರ

ಪ್ರತಿವರ್ಷ ಫೆಬ್ರವರಿ ಮಾಸಾಂತ್ಯದ ಸುಮಾರಿಗೆ ಅಮೆರಿಕದ ಇಂಡಿಯಾನಾಪೊಲಿಸ್ ನಗರಕ್ಕೆ ಮುನ್ನೂರಕ್ಕೂ ಹೆಚ್ಚು ಯುವಕರು ಆಹ್ವಾನಿತರಾಗಿ ಬರುತ್ತಾರೆ. ಬಹುತೇಕರ ವಯಸ್ಸು ಇಪ್ಪತ್ತೊಂದರಿಂದ ಇಪ್ಪತ್ತಮೂರು. ಇವರ ಎತ್ತರ, ತೂಕ, ತೋಳಿನ ಉದ್ದ, ಅಂಗೈಯ ಅಗಲ ಇವೆಲ್ಲವನ್ನೂ ಅಳೆದು ದಾಖಲಿಸಲಾಗುತ್ತದೆ. 40 ಗಜಗಳ ದೂರವನ್ನು ಓಡಿಸಿ ಸೆಕೆಂಡಿನ ನೂರನೆಯ ಭಾಗದವರೆಗೆ ಕಾಲವನ್ನು ಗುರುತಿಸಲಾಗುತ್ತದೆ. 225 ಪೌಂಡ್, ಅಂದರೆ ಸುಮಾರು 102 ಕಿಲೋಗ್ರಾಂ ಭಾರವನ್ನು ಮಲಗಿದ ಭಂಗಿಯಲ್ಲಿ ಎಷ್ಟು ಬಾರಿ ಎತ್ತಬಲ್ಲರೆಂದು ಎಣಿಸಲಾಗುತ್ತದೆ. ಹಳೆಯ ಗಾಯಗಳನ್ನು ವೈದ್ಯರು ಒತ್ತಿ, ತಿರುಗಿಸಿ ನೋಡುತ್ತಾರೆ. ಸುತ್ತಲೂ 32 ವೃತ್ತಿಪರ ಕ್ಲಬ್‌ಗಳ ಪ್ರತಿನಿಧಿಗಳು ಪುಸ್ತಕ ಹಿಡಿದು ಕುಳಿತಿರುತ್ತಾರೆ. ಜಾನುವಾರು ಜಾತ್ರೆಯಲ್ಲಿ ಎತ್ತಿನ ಹಲ್ಲು ಎಣಿಸುವುದನ್ನು ಕಂಡವರಿಗೆ ಈ ದೃಶ್ಯ ಅಪರಿಚಿತವೆನಿಸದು.

ಇವರು ಕಾಲೇಜು ಮಟ್ಟದಲ್ಲಿ ಫುಟ್‌ಬಾಲ್ ಆಡಿದವರು. ನಾವು ಬಲ್ಲ ಕಾಲ್ಚೆಂಡಾಟವಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಮುನ್ನುಗ್ಗುವ ಅಮೆರಿಕದ ಆಟ. ಏಪ್ರಿಲ್ ತಿಂಗಳಿನಲ್ಲಿ ನಡೆಯುವ ‘ಡ್ರಾಫ್ಟ್’ ಎಂಬ ಆಯ್ಕೆಯಲ್ಲಿ ಇವರು ಯಾವ ಕ್ಲಬ್ಬಿನ ಪಾಲಾಗುತ್ತಾರೆಂಬುದು ತೀರ್ಮಾನವಾಗುತ್ತದೆ. ಡ್ರಾಫ್ಟ್ ಎಂದೊಡನೆ ನಮ್ಮ ವರ್ತಕರಿಗೆ ಬ್ಯಾಂಕಿನ ಡಿಮ್ಯಾಂಡ್ ಡ್ರಾಫ್ಟ್ ನೆನಪಾಗುವುದು ಸಹಜ. ಇದು ಬೇರೆ, ಆದರೆ ಇಲ್ಲಿಯೂ ಕೈಬದಲಾಗುವುದು ಹಣವೇ. ಸರಕನ್ನು ತನ್ನ ಕಾರ್ಖಾನೆಯಲ್ಲಿ ಒಮ್ಮೆಯೂ ಬಳಸಿ ನೋಡದೆ ದರ್ಜೆ ಕಟ್ಟಿ, ದರ್ಜೆಗೆ ತಕ್ಕ ಬೆಲೆ ತೆರಬೇಕಾದ ಖರೀದಿದಾರನ ಸಂಕಟವೇ ಈ ವ್ಯವಸ್ಥೆಯ ತಿರುಳು. ಆದ್ದರಿಂದಲೇ ಕ್ರೀಡಾಸಕ್ತಿಯಿಲ್ಲದ ವಾಣಿಜ್ಯೋದ್ಯಮಿಗಳಿಗೂ ಈ ವಿಷಯ ಪರಿಶೀಲನಾರ್ಹವಾಗಿದೆ.

ಕರಿಹಲಗೆಯ ಮೇಲೆ 90 ಹೆಸರು

ಮೊದಲ ಡ್ರಾಫ್ಟ್ ನಡೆದದ್ದು 1936ರ ಫೆಬ್ರವರಿ 8ರಂದು, ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ. ಫಿಲಡೆಲ್ಫಿಯಾ ಈಗಲ್ಸ್ ಕ್ಲಬ್ಬಿನ ಒಡೆಯ ಬರ್ಟ್ ಬೆಲ್ ಹಿಂದಿನ ವರ್ಷ ಇದರ ಪ್ರಸ್ತಾಪವನ್ನು ಮಂಡಿಸಿದ್ದರು. ಹಣವುಳ್ಳ ಕ್ಲಬ್‌ಗಳು ಉತ್ತಮ ಆಟಗಾರರನ್ನು ಕೊಳ್ಳುತ್ತವೆ, ಗೆಲ್ಲುತ್ತವೆ, ಗೆದ್ದು ಇನ್ನಷ್ಟು ಹಣ ಗಳಿಸುತ್ತವೆ. ಸೋತವರು ಸೋಲುತ್ತಲೇ ಇರುತ್ತಾರೆ. ಹೀಗಾದರೆ ಪಂದ್ಯಾವಳಿಯೇ ಮುಚ್ಚಿಹೋದೀತು ಎಂಬುದು ಅವರ ವಾದ. ಆದುದರಿಂದ ಹಿಂದಿನ ಸಾಲಿನಲ್ಲಿ ಕಡೆಯ ಸ್ಥಾನ ಪಡೆದ ಕ್ಲಬ್ಬಿಗೆ ಮೊದಲ ಆಯ್ಕೆ, ಮೊದಲ ಸ್ಥಾನ ಪಡೆದವರಿಗೆ ಕಡೆಯ ಆಯ್ಕೆ ಎಂಬ ನಿಯಮವಾಯಿತು. ಅಂದು ಕಡೆಯ ಸ್ಥಾನದಲ್ಲಿದ್ದದ್ದು ಬೆಲ್ ಅವರ ಕ್ಲಬ್ಬೇ ಎಂಬುದನ್ನು ಮರೆಯುವಂತಿಲ್ಲ.

ಈ ವ್ಯವಸ್ಥೆಯಲ್ಲಿ ಕೊಳ್ಳುವವರ ನಡುವಿನ ಪೈಪೋಟಿ ನಿಲ್ಲುತ್ತದೆ. ಆಯ್ಕೆಯಾದ ಆಟಗಾರ ಆಯ್ದ ಕ್ಲಬ್ಬಿನೊಡನೆ ಮಾತ್ರವೇ ಒಪ್ಪಂದ ಮಾಡಿಕೊಳ್ಳಬೇಕು. ಖರೀದಿದಾರರೆಲ್ಲ ಕೂಡಿ ಮಾರುವವನ ಕೈ ಕಟ್ಟಿದರೆ ಅದು ಸ್ಪರ್ಧಾ ಕಾನೂನಿನ ಉಲ್ಲಂಘನೆಯಲ್ಲವೇ ಎಂಬ ಪ್ರಶ್ನೆ ಏಳದಿರಲಿಲ್ಲ. 1978ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು, 1968ರಲ್ಲಿ ಜಾರಿಯಲ್ಲಿದ್ದ ಸ್ವರೂಪದ ಡ್ರಾಫ್ಟ್ ವ್ಯಾಪಾರಕ್ಕೆ ಅಸಮಂಜಸ ನಿರ್ಬಂಧವೆಂದೇ ತೀರ್ಪಿತ್ತಿತು. ಆಟಗಾರರ ಸಂಘದೊಡನೆ ಸಾಮೂಹಿಕ ಒಪ್ಪಂದ ಏರ್ಪಟ್ಟಿರುವುದರಿಂದ ಮಾತ್ರ ಡ್ರಾಫ್ಟ್ ಕಾನೂನಿನ ರಕ್ಷಣೆ ಪಡೆದು ಮುಂದುವರಿದಿದೆ.

1936ರಲ್ಲಿ ಒಂಬತ್ತು ಕ್ಲಬ್‌ಗಳು ಒಂಬತ್ತು ಸುತ್ತುಗಳಲ್ಲಿ 81 ಆಟಗಾರರನ್ನು ಆಯ್ದವು. ಕರಿಹಲಗೆಯ ಮೇಲೆ ಬರೆದಿದ್ದದ್ದು ಸುಮಾರು 90 ಹೆಸರುಗಳು ಮಾತ್ರ. ಪತ್ರಿಕೆಗಳ ವರದಿ, ಪರಿಚಿತರ ಮಾತು, ಅಷ್ಟೇ ಆಧಾರ. ನ್ಯೂಯಾರ್ಕ್ ಜೈಂಟ್ಸ್ ಕ್ಲಬ್ಬಿನ ಒಡೆಯರ ಮಗ ವೆಲ್ಲಿಂಗ್ಟನ್ ಮಾರಾ ಪರಊರುಗಳ ಪತ್ರಿಕೆಗಳನ್ನು ತರಿಸಿ, ಹೆಸರುಗಳನ್ನು ಗುರುತು ಹಾಕಿಕೊಳ್ಳುತ್ತಿದ್ದರು. ಅಂದಿನ ಮಟ್ಟಿಗೆ ಅದೇ ಸಂಶೋಧನೆ.

ಪ್ರಥಮ ಡ್ರಾಫ್ಟಿನ ಪ್ರಥಮ ಆಯ್ಕೆ ಷಿಕಾಗೋ ವಿಶ್ವವಿದ್ಯಾಲಯದ ಜೇ ಬರ್ವಾಂಗರ್. ಅವರು ಒಂದೇ ಒಂದು ವೃತ್ತಿಪರ ಪಂದ್ಯವನ್ನೂ ಆಡಲಿಲ್ಲ. ಫಿಲಡೆಲ್ಫಿಯಾ ತನ್ನ ಹಕ್ಕನ್ನು ಷಿಕಾಗೋ ಬೇರ್ಸ್ ಕ್ಲಬ್ಬಿಗೆ ವರ್ಗಾಯಿಸಿತು. ಸಂಬಳದ ಮಾತುಕತೆ ಕುದುರಲಿಲ್ಲ. ಬರ್ವಾಂಗರ್ ರಬ್ಬರ್ ಸಾಮಗ್ರಿಗಳ ಮಾರಾಟಕ್ಕೆ ಇಳಿದರು, ಮುಂದೆ ಕಾರುಗಳಿಗೂ ಕೃಷಿ ಯಂತ್ರಗಳಿಗೂ ಬೇಕಾಗುವ ಪ್ಲಾಸ್ಟಿಕ್ ಹಾಗೂ ಸ್ಪಾಂಜ್ ರಬ್ಬರ್ ಪಟ್ಟಿಗಳ ತಯಾರಿಕಾ ಘಟಕವನ್ನು ಸ್ವಂತವಾಗಿ ಸ್ಥಾಪಿಸಿದರು. ಅತ್ಯುನ್ನತ ದರ್ಜೆಯ ಆಟಗಾರನಿಗೆ ಸಣ್ಣ ಕೈಗಾರಿಕೆಯೇ ಹೆಚ್ಚು ಲಾಭದಾಯಕವೆನಿಸಿದ ಆ ಕಾಲವನ್ನು ಇಂದು ಊಹಿಸಿಕೊಳ್ಳುವುದೂ ಕಷ್ಟ. ಕಾಲೇಜು ಫುಟ್‌ಬಾಲಿನ ಶ್ರೇಷ್ಠ ಆಟಗಾರನೆಂದು 1935ರಲ್ಲಿ ಅವರಿಗೆ ದೊರೆತ ಟ್ರೋಫಿ, ಮುಂದೆ ಹೈಸ್‌ಮನ್ ಹೆಸರಿನಿಂದ ಜಗತ್ಪ್ರಸಿದ್ಧವಾದದ್ದು, ಬಹುಕಾಲ ಅವರ ಚಿಕ್ಕಮ್ಮನ ಮನೆಯಲ್ಲಿ ಬಾಗಿಲಿಗೆ ಒತ್ತಾಗಿ ಇರಿಸಲ್ಪಟ್ಟಿತ್ತು.

ಮಾಹಿತಿಯ ಬೆಲೆ

ಎರಡನೆಯ ಮಹಾಯುದ್ಧದ ತರುವಾಯ ಕ್ಲಬ್‌ಗಳು ವೇತನ ಕೊಟ್ಟು ಶೋಧಕರನ್ನು ನೇಮಿಸಿಕೊಳ್ಳತೊಡಗಿದವು. ದೇಶದುದ್ದಕ್ಕೂ ನೂರಾರು ಕಾಲೇಜುಗಳು. ಪ್ರಯಾಣದ ವೆಚ್ಚ ಸಣ್ಣದಲ್ಲ. 1963ರಲ್ಲಿ ಡೆಟ್ರಾಯಿಟ್, ಫಿಲಡೆಲ್ಫಿಯಾ, ಪಿಟ್ಸ್‌ಬರ್ಗ್ ಕ್ಲಬ್‌ಗಳು ಕೂಡಿ ಒಂದು ಜಂಟಿ ಶೋಧನಾ ಸಂಸ್ಥೆಯನ್ನು ಕಟ್ಟಿದವು. ಮುಂದೆ ಷಿಕಾಗೋ ಸೇರಿದ ಮೇಲೆ ಅದು ‘ಬ್ಲೆಸ್ಟೋ’ ಎಂದು ಹೆಸರಾಯಿತು. ನಾಲ್ಕು ವರ್ತಕರು ಸೇರಿ ಒಬ್ಬನೇ ಸರ್ವೇಯರನಿಂದ ಸರಕು ಪರೀಕ್ಷೆ ಮಾಡಿಸಿ ಖರ್ಚು ಹಂಚಿಕೊಂಡಂತೆ. ಇಂಡಿಯಾನಾಪೊಲಿಸ್ಸಿನ ಸಾಮೂಹಿಕ ಪರೀಕ್ಷೆಗೂ ಇದೇ ಮೂಲ. ಮೊದಲ ಪರೀಕ್ಷಾ ಶಿಬಿರ ನಡೆದದ್ದು 1982ರಲ್ಲಿ, ಟ್ಯಾಂಪಾದಲ್ಲಿ. ಒಬ್ಬನೇ ಆಟಗಾರನನ್ನು ಪ್ರತಿಯೊಂದು ಕ್ಲಬ್ಬೂ ತನ್ನ ವೈದ್ಯರ ಬಳಿಗೆ ಪ್ರತ್ಯೇಕವಾಗಿ ಕರೆಸಿಕೊಳ್ಳುವ ವೆಚ್ಚವನ್ನು ತಪ್ಪಿಸುವುದು ಅದರ ಮುಖ್ಯೋದ್ದೇಶವಾಗಿತ್ತು. 1987ರಿಂದ ಅದು ಇಂಡಿಯಾನಾಪೊಲಿಸ್ಸಿನಲ್ಲಿ ನಡೆಯುತ್ತಿದೆ.

ಆದರೆ ಎಲ್ಲರಿಗೂ ತಿಳಿದ ಮಾಹಿತಿಯಿಂದ ಯಾರಿಗೂ ಲಾಭವಿಲ್ಲ ಎಂಬುದನ್ನು ಪಿಟ್ಸ್‌ಬರ್ಗ್ ಕ್ಲಬ್ ಬಹುಬೇಗ ಅರಿಯಿತು. ಅದರ ಶೋಧಕ ಬಿಲ್ ನನ್ ಮೂಲತಃ ಪತ್ರಕರ್ತರು. ಕಪ್ಪು ಜನಾಂಗದವರ ಪ್ರಮುಖ ಪತ್ರಿಕೆಯಾದ ‘ಪಿಟ್ಸ್‌ಬರ್ಗ್ ಕೊರಿಯರ್’ನ ಕ್ರೀಡಾ ಸಂಪಾದಕರಾಗಿದ್ದವರು. ಕಪ್ಪು ವಿದ್ಯಾರ್ಥಿಗಳ ಕಾಲೇಜುಗಳನ್ನು ಇತರ ಕ್ಲಬ್‌ಗಳ ಶೋಧಕರು ಮೇಲಿಂದ ಮೇಲೆ ನೋಡಿ ಹೋಗುತ್ತಿದ್ದ ಕಾಲದಲ್ಲಿ ನನ್ ಅವರಿಗೆ ಅಲ್ಲಿನ ತರಬೇತುದಾರರು ಹಳೆಯ ಸ್ನೇಹಿತರು. ಅಲಬಾಮಾ ಎ ಅಂಡ್ ಎಂ ಕಾಲೇಜಿನ ಜಾನ್ ಸ್ಟಾಲ್‌ವರ್ತ್ ಎಂಬ ಆಟಗಾರನನ್ನು ಹಲವು ಶೋಧಕರು ಒಟ್ಟಿಗೆ ನೋಡಲು ಹೋದಾಗ ನೆಲ ಒದ್ದೆಯಾಗಿತ್ತು. ಓಟದ ವೇಗ ತೀರಾ ಸಾಧಾರಣವೆಂದು ಬರೆದುಕೊಂಡು ಎಲ್ಲರೂ ಹೊರಟರು. ನನ್ ಮಾತ್ರ ಮೈ ಸರಿಯಿಲ್ಲವೆಂಬ ನೆಪ ಹೇಳಿ ಅಲ್ಲಿಯೇ ಉಳಿದು, ಒಣ ನೆಲದ ಮೇಲೆ ಮತ್ತೊಮ್ಮೆ ಓಡಿಸಿ ನೋಡಿದರು ಎಂಬುದು ಫುಟ್‌ಬಾಲ್ ವಲಯದಲ್ಲಿ ಇಂದಿಗೂ ಹೇಳಲಾಗುವ ಸಂಗತಿ. 1974ರ ಡ್ರಾಫ್ಟಿನಲ್ಲಿ ಸ್ಟಾಲ್‌ವರ್ತ್ ನಾಲ್ಕನೆಯ ಸುತ್ತಿನವರೆಗೂ ಉಳಿದಿದ್ದು ಪಿಟ್ಸ್‌ಬರ್ಗಿಗೆ ದೊರೆತರು. ಆ ಒಂದೇ ವರ್ಷದ ಆಯ್ಕೆಗಳ ಪೈಕಿ ನಾಲ್ವರು ಮುಂದೆ ಆಟದ ಕೀರ್ತಿಮಂದಿರಕ್ಕೆ ಸೇರಿದರು. ಮುಂದಿನ ಆರು ಋತುಗಳಲ್ಲಿ ಆ ಕ್ಲಬ್ ನಾಲ್ಕು ಬಾರಿ ಸೂಪರ್ ಬೌಲ್ ಗೆದ್ದಿತು.

ಅಲೀಗಢದ ಸಂಖ್ಯಾಶಾಸ್ತ್ರಜ್ಞ

ದರ್ಜೆ ನಿಗದಿಯ ಇತಿಹಾಸದಲ್ಲಿ ಭಾರತೀಯರೊಬ್ಬರ ಪಾತ್ರ ಮಹತ್ವದ್ದೆಂಬುದು ನಮ್ಮಲ್ಲಿ ಅಷ್ಟಾಗಿ ತಿಳಿದಿಲ್ಲ. 1960ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ಎಂಬ ಹೊಸ ಕ್ಲಬ್ಬಿನ ಮುಖ್ಯಸ್ಥ ಟೆಕ್ಸ್ ಶ್ರಾಮ್ ಅವರಿಗೆ ಕಂಪ್ಯೂಟರಿನ ಮೂಲಕ ಆಟಗಾರರನ್ನು ಅಳೆಯಲಾಗದೇ ಎಂಬ ಯೋಚನೆ ಬಂದಿತು. ಐಬಿಎಂ ಕಂಪನಿಯ ಅಂಗಸಂಸ್ಥೆಯಲ್ಲಿ ಈ ಕಾರ್ಯ ವಹಿಸಲ್ಪಟ್ಟದ್ದು ಸಲಾಂ ಖುರೇಶಿ ಎಂಬ ಯುವ ಸಂಖ್ಯಾಶಾಸ್ತ್ರಜ್ಞರಿಗೆ. ಅವರು ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಓದಿದವರು. ಕ್ರಿಕೆಟ್ ಬಲ್ಲವರು, ಅಮೆರಿಕದ ಫುಟ್‌ಬಾಲ್ ಅವರಿಗೆ ಏನೇನೂ ತಿಳಿಯದು.

ತಿಳಿಯದಿದ್ದುದೇ ಅನುಕೂಲವಾಯಿತೆನ್ನಬಹುದು. ಶೋಧಕರು, ತರಬೇತುದಾರರು ತಮ್ಮ ವರದಿಗಳಲ್ಲಿ ಧಾರಾಳವಾಗಿ ಬಳಸುತ್ತಿದ್ದ ವಿಶೇಷಣಗಳು ಅವರಿಗೆ ಅರ್ಥವಾಗಲಿಲ್ಲ. ಒಬ್ಬನ ‘ಚುರುಕು’ ಇನ್ನೊಬ್ಬನ ‘ಚುರುಕು’ ಒಂದೇ ಏನು? ಒಬ್ಬ ಶೋಧಕ ಕೈಬಿಚ್ಚಿ ಅಂಕ ಕೊಡುವವನು, ಮತ್ತೊಬ್ಬ ಬಿಗಿ ಕೈಯವನು. ಇಬ್ಬರ ಅಂಕಗಳನ್ನು ಒಂದೇ ಅಂಕಣದಲ್ಲಿ ಕೂಡಿಸಬಹುದೇ? ಬೇರೆ ಬೇರೆ ಶಾಖೆಗಳು ಬೇರೆ ಬೇರೆ ಪದ್ಧತಿಯಲ್ಲಿ ಬರೆದ ಲೆಕ್ಕಗಳನ್ನು ಒಟ್ಟುಗೂಡಿಸಲು ಕುಳಿತವರಿಗೆ ಈ ಪ್ರಶ್ನೆಯ ತೂಕ ತಿಳಿದೀತು. ಉದ್ದನೆಯ ಗುಣಪಟ್ಟಿಯನ್ನು ಸೋಸಿ ಸೋಸಿ ಕಡೆಗೆ ಐದು ಮುಖ್ಯ ಗುಣಗಳಿಗೆ ಇಳಿಸಲಾಯಿತು: ಶೀಲ, ಚುರುಕು ಹಾಗೂ ದೇಹದ ಮೇಲಿನ ಹಿಡಿತ, ಸ್ಪರ್ಧಾ ಮನೋಭಾವ, ಬುದ್ಧಿಯ ಜಾಗರೂಕತೆ, ಶಕ್ತಿ ಹಾಗೂ ಸ್ಫೋಟಕತೆ. ಶೋಧಕರು ಕಥೆ ಬರೆಯುವುದನ್ನು ಬಿಟ್ಟು ನಿಗದಿತ ನಮೂನೆಯಲ್ಲಿ 1ರಿಂದ 9ರವರೆಗೆ ಅಂಕ ನೀಡಬೇಕೆಂದಾಯಿತು. ಕಂಪ್ಯೂಟರಿನ ದುಬಾರಿ ವೆಚ್ಚವನ್ನು ಲಾಸ್ ಏಂಜಲೀಸ್ ಹಾಗೂ ಸ್ಯಾನ್ ಫ್ರಾನ್ಸಿಸ್ಕೋ ಕ್ಲಬ್‌ಗಳೂ ಹಂಚಿಕೊಂಡವು.

ಕೌಬಾಯ್ಸ್ ಕ್ಲಬ್ 1966ರಿಂದ 1985ರವರೆಗೆ ಸತತವಾಗಿ ಇಪ್ಪತ್ತು ಋತುಗಳಲ್ಲಿ ಸೋಲಿಗಿಂತ ಹೆಚ್ಚು ಗೆಲುವು ಕಂಡಿತು. ಇದರ ಶ್ರೇಯಸ್ಸೆಲ್ಲ ಯಂತ್ರಕ್ಕೆ ಸಲ್ಲದು; ಟಾಮ್ ಲ್ಯಾಂಡ್ರಿಯಂತಹ ತರಬೇತುದಾರರು ಅಲ್ಲಿದ್ದರು. ಖುರೇಶಿಯವರು ಮುಂದೆ ಸಿಸೋರೆಕ್ಸ್ ಎಂಬ ಮಾಹಿತಿ ತಂತ್ರಜ್ಞಾನ ಕಂಪನಿಯನ್ನು ಸ್ಥಾಪಿಸಿ ಉದ್ಯಮಿಗಳಾದರು.

ಇಂದಿನ ಪದ್ಧತಿಯೂ ಸ್ಥೂಲವಾಗಿ ಅದೇ ಹಾದಿಯಲ್ಲಿದೆ. ಪ್ರಾಂತೀಯ ಶೋಧಕನು ಕಾಲೇಜಿಗೆ ಹೋಗಿ, ಪಂದ್ಯಗಳ ಚಿತ್ರಿಕೆ ನೋಡಿ, ತರಬೇತುದಾರರನ್ನು ವಿಚಾರಿಸಿ ಮೊದಲ ದರ್ಜೆ ನೀಡುತ್ತಾನೆ. ಅದನ್ನು ಮರುಪರಿಶೀಲಿಸಲು ಮತ್ತೊಬ್ಬ ಹಿರಿಯನಿರುತ್ತಾನೆ. ನಮ್ಮ ಆಂತರಿಕ ಲೆಕ್ಕಪರಿಶೋಧನೆಯ ಕ್ರಮವೇ. ಅನಂತರ ವೈದ್ಯಕೀಯ ವರದಿ, ನಡತೆಯ ವಿಚಾರಣೆ. ಪ್ರತಿಯೊಬ್ಬನೂ ಒಂದು ಸಂಖ್ಯೆಯಾಗುತ್ತಾನೆ, ಸಂಖ್ಯೆಗಳು ಕ್ಲಬ್ಬಿನ ಗೋಡೆಯ ಮೇಲಿನ ಫಲಕದಲ್ಲಿ ಮೇಲಿನಿಂದ ಕೆಳಕ್ಕೆ ಸಾಲುಗಟ್ಟುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ. ದರ್ಜೆ ಎಂಬುದು ಗುಣದ ಅಳತೆ. ಕ್ರಮಾಂಕ ಎಂಬುದು ಇತರರೊಡನೆ ಹೋಲಿಕೆ. ಮಂಡಿಯಲ್ಲಿ ರಾಶಿ ಅಡಿಕೆಯನ್ನೂ ಬೆಟ್ಟೆಯನ್ನೂ ಬೇರ್ಪಡಿಸುವವನಿಗೆ ಈ ಭೇದ ಗೊತ್ತು: ರಾಶಿಯ ನೂರು ಮೂಟೆಗಳಲ್ಲಿ ಯಾವುದು ಮೊದಲನೆಯದು, ಯಾವುದು ಹದಿನೇಳನೆಯದು ಎಂದು ಅವನು ತಲೆ ಕೆಡಿಸಿಕೊಳ್ಳುವುದಿಲ್ಲ. ಡ್ರಾಫ್ಟಿನಲ್ಲಿ ಮಾತ್ರ ಹದಿನಾರಕ್ಕೂ ಹದಿನೇಳಕ್ಕೂ ಬೇರೆ ಬೇರೆ ಬೆಲೆ.

ಅಳತೆಗೆ ಸಿಕ್ಕಿದ್ದು, ಸಿಗದೇ ಹೋದದ್ದು

2000ದ ಇಸವಿಯಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಟಾಮ್ ಬ್ರೇಡಿ 40 ಗಜಗಳನ್ನು 5.28 ಸೆಕೆಂಡುಗಳಲ್ಲಿ ಓಡಿದರು. ತೀರಾ ನಿಧಾನ. ತಂಡದ ಆಟವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಅವರಿಗಿಂತ ಮುಂಚೆ ಆರು ಮಂದಿಯನ್ನು ಕ್ಲಬ್‌ಗಳು ಆರಿಸಿಕೊಂಡವು. ಬ್ರೇಡಿ ಆರನೆಯ ಸುತ್ತಿನಲ್ಲಿ, 199ನೆಯವರಾಗಿ ನ್ಯೂ ಇಂಗ್ಲೆಂಡ್ ಕ್ಲಬ್ಬಿಗೆ ಆಯ್ಕೆಯಾದರು. ಏಳು ಸೂಪರ್ ಬೌಲ್ ಗೆದ್ದರು. ನ್ಯೂ ಇಂಗ್ಲೆಂಡಿನವರು ಅವರ ಗುಣವನ್ನು ಕಂಡಿದ್ದರೆಂದು ಹೊಗಳುವವರಿದ್ದಾರೆ. ಕಂಡಿದ್ದರೆ 198 ಆಯ್ಕೆಗಳವರೆಗೆ, ಅದರಲ್ಲಿಯೂ ತಮ್ಮದೇ ಹಲವು ಸರದಿಗಳನ್ನು ಬಿಟ್ಟು, ಕಾದು ಕುಳಿತಿರುತ್ತಿದ್ದರೇ?

2017ರಲ್ಲಿ ಜಾನ್ ರಾಸ್ ಅದೇ 40 ಗಜಗಳನ್ನು 4.22 ಸೆಕೆಂಡುಗಳಲ್ಲಿ ಓಡಿ ಅಂದಿನ ದಾಖಲೆ ನಿರ್ಮಿಸಿದರು. ಸಿನ್ಸಿನಾಟಿ ಕ್ಲಬ್ ಒಂಬತ್ತನೆಯ ಆಯ್ಕೆಯನ್ನು ಅವರಿಗಾಗಿ ವ್ಯಯಿಸಿತು. ಗಾಯಗಳೂ ಕಾಡಿ, ಅವರ ವೃತ್ತಿಜೀವನ ನಿರೀಕ್ಷೆಯ ಮಟ್ಟಕ್ಕೆ ಏರಲಿಲ್ಲ. ಹತ್ತನೆಯ ಆಯ್ಕೆ ಪ್ಯಾಟ್ರಿಕ್ ಮಹೋಮ್ಸ್. 12 ನಿಮಿಷಗಳಲ್ಲಿ 50 ಪ್ರಶ್ನೆಗಳ ‘ವಂಡರ್ಲಿಕ್’ ಎಂಬ ಬುದ್ಧಿಪರೀಕ್ಷೆಯೂ ದಶಕಗಳ ಕಾಲ ನಡೆದು, 2022ರಿಂದ ಶಿಬಿರದಲ್ಲಿ ನಿಂತುಹೋಯಿತು. ಕರ್ಟ್ ವಾರ್ನರ್ ಅವರನ್ನಂತೂ 1994ರಲ್ಲಿ ಯಾವ ಕ್ಲಬ್ಬೂ ಆಯಲಿಲ್ಲ. ಅಯೋವಾದ ದಿನಸಿ ಅಂಗಡಿಯೊಂದರಲ್ಲಿ ರಾತ್ರಿಪಾಳಿಯಲ್ಲಿ ಕಪಾಟುಗಳಿಗೆ ಸಾಮಾನು ಜೋಡಿಸುತ್ತಿದ್ದರು. 1999ರ ಋತುವಿನಲ್ಲಿ ಅವರೇ ಅತ್ಯಮೂಲ್ಯ ಆಟಗಾರರೆನಿಸಿದರು.

ಮೂರು ಸಾವಿರ ಅಂಕದ ಸರದಿ

ಕ್ಲಬ್‌ಗಳು ತಮ್ಮ ಸರದಿಯನ್ನು ಪರಸ್ಪರ ವಿನಿಮಯ ಮಾಡಿಕೊಳ್ಳಬಹುದು. ಹತ್ತನೆಯ ಸರದಿಗೆ ಪ್ರತಿಯಾಗಿ ಇಪ್ಪತ್ತನೆಯದರ ಜೊತೆಗೆ ಇನ್ನೇನು ಕೊಡಬೇಕು? ಬಹುಕಾಲ ಇದು ಬಾಯಿಮಾತಿನ ಚೌಕಾಶಿಯಾಗಿತ್ತು. 1991ರಲ್ಲಿ ಡಲ್ಲಾಸ್ ಕ್ಲಬ್ಬಿನ ಪಾಲುದಾರರಲ್ಲೊಬ್ಬರಾದ, ತೈಲೋದ್ಯಮದಿಂದ ಬಂದ ಮೈಕ್ ಮೆಕಾಯ್ ಹಿಂದಿನ ವಿನಿಮಯಗಳನ್ನೆಲ್ಲ ಕಲೆಹಾಕಿ ಒಂದು ದರಪಟ್ಟಿ ತಯಾರಿಸಿದರು. ಅಂದಿನ ತರಬೇತುದಾರ ಜಿಮ್ಮಿ ಜಾನ್ಸನ್ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಮೊದಲ ಸರದಿಗೆ 3000 ಅಂಕ, ಎರಡನೆಯದಕ್ಕೆ 2600, ಮೂರಕ್ಕೆ 2200, ಹತ್ತಕ್ಕೆ 1300, ಹದಿನಾರಕ್ಕೆ 1000, ಮೂವತ್ತೆರಡಕ್ಕೆ 590. ಅಂದರೆ ಒಬ್ಬ ಮೊದಲಿಗನಿಗಾಗಿ ಮೂವತ್ತೆರಡನೆಯ ದರ್ಜೆಯ ಐವರನ್ನು ಬಿಟ್ಟುಕೊಡಬೇಕು. ಪಟ್ಟಿ ಸರಿಯೆಂದು ಯಾರೂ ಸಾಧಿಸಿರಲಿಲ್ಲ. ಅದು ಹಿಂದಿನ ವ್ಯವಹಾರಗಳ ಸರಾಸರಿ ಮಾತ್ರ. ಆದರೂ ಕ್ರಮೇಣ ಎಲ್ಲರ ಕೈಗೂ ಅದರ ಪ್ರತಿ ಸೇರಿ, ಅದೇ ಮಾರುಕಟ್ಟೆಯ ದರವಾಯಿತು.

ಈ ದರ ಎಷ್ಟು ಸಮರ್ಪಕವೆಂದು ಪರೀಕ್ಷಿಸಿದವರು ಕೇಡ್ ಮ್ಯಾಸಿ ಹಾಗೂ ರಿಚರ್ಡ್ ಥೇಲರ್ ಎಂಬ ಇಬ್ಬರು ವಿದ್ವಾಂಸರು. ಥೇಲರ್ ಅವರು 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದವರು. 2005ರಲ್ಲಿ ಕರಡಾಗಿ ಹೊರಬಂದು 2013ರಲ್ಲಿ ಪ್ರಕಟವಾದ ಅವರ ಪ್ರಬಂಧದ ನಿಷ್ಕರ್ಷೆ ಹೀಗಿದೆ: ಮೊದಲ ಕೆಲವು ಸರದಿಗಳ ಆಟಗಾರರು ಸರಾಸರಿಯಲ್ಲಿ ಉತ್ತಮರೇ, ಆದರೆ ತೆತ್ತ ಬೆಲೆಗೆ ತಕ್ಕಷ್ಟು ಉತ್ತಮರಲ್ಲ. ಆಟದ ಮೌಲ್ಯದಿಂದ ಸಂಬಳವನ್ನು ಕಳೆದು ಉಳಿಯುವ ನಿವ್ವಳ ಲಾಭ ಅತ್ಯಧಿಕವಾಗಿದ್ದದ್ದು ಮೊದಲ ಸರದಿಯಲ್ಲಲ್ಲ, ಎರಡನೆಯ ಸುತ್ತಿನ ಸುಮಾರಿನಲ್ಲಿ. ಸೋತವನಿಗೆ ನೆರವೆಂದು ಕೊಟ್ಟ ಮೊದಲ ಆಯ್ಕೆಯೇ ಅವನಿಗೆ ಹೊರೆಯಾಗುತ್ತಿತ್ತು. ಇನ್ನೊಂದು ಅಂಶ ಇನ್ನೂ ಕುತೂಹಲಕರ. ಒಬ್ಬ ಆಟಗಾರ, ಅದೇ ಸ್ಥಾನಕ್ಕೆ ಅವನ ನಂತರ ಆಯ್ಕೆಯಾದವನಿಗಿಂತ ಮೇಲಾಗುವ ಸಂಭವ ಶೇಕಡಾ 52ರ ಆಸುಪಾಸು. ನಾಣ್ಯ ಚಿಮ್ಮಿದರೆ ಶೇಕಡಾ 50.

ಸಾಲದ ವ್ಯವಹಾರವೂ ಇದರಲ್ಲಿದೆ. ಈ ವರ್ಷ ಎರಡನೆಯ ಸುತ್ತಿನ ಸರದಿ ಬೇಕೆನ್ನುವ ಕ್ಲಬ್ ಮುಂದಿನ ವರ್ಷದ ಮೊದಲ ಸುತ್ತಿನದನ್ನು ಬಿಟ್ಟುಕೊಡುತ್ತದೆ. ಇದನ್ನು ಬಡ್ಡಿಗೆ ಪರಿವರ್ತಿಸಿ ನೋಡಿದರೆ ವಾರ್ಷಿಕ ದರ ಶೇಕಡಾ ನೂರನ್ನೂ ಮೀರುತ್ತದೆಂದು ಆ ಪ್ರಬಂಧ ತೋರಿಸಿದೆ. ಮೀಟರ್ ಬಡ್ಡಿಯವರೂ ಬೆರಗಾಗುವ ದರವಿದು. ಆದರೂ ಕೊಳ್ಳುವವರಿದ್ದಾರೆ, ಏಕೆಂದರೆ ಈ ವರ್ಷ ಗೆಲ್ಲದಿದ್ದರೆ ಮುಂದಿನ ವರ್ಷದ ಸರದಿಯನ್ನು ಬಳಸಲು ವ್ಯವಸ್ಥಾಪಕ ನೌಕರಿಯಲ್ಲೇ ಇರುವುದಿಲ್ಲ.

ಸಂಬಳದ ವಿಷಯದಲ್ಲಿ 2011ರಲ್ಲಿ ತಿದ್ದುಪಡಿಯಾಯಿತು. 2010ರ ಮೊದಲ ಆಯ್ಕೆ ಸ್ಯಾಮ್ ಬ್ರಾಡ್‌ಫರ್ಡ್ ಅವರ ಆರು ವರ್ಷಗಳ ಒಪ್ಪಂದ 7 ಕೋಟಿ 80 ಲಕ್ಷ ಡಾಲರ್, ಅದರಲ್ಲಿ 5 ಕೋಟಿ ಖಾತರಿ ಮೊತ್ತ. ಮರುವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್ ಅವರದು ನಾಲ್ಕು ವರ್ಷಗಳಿಗೆ 2 ಕೋಟಿ 20 ಲಕ್ಷ. ಹೊಸ ಒಪ್ಪಂದದಂತೆ ಪ್ರತಿಯೊಂದು ಸರದಿಗೂ ಸಂಬಳದ ಮಿತಿ ಮೊದಲೇ ನಿಗದಿಯಾಗಿರುತ್ತದೆ. ಕ್ಲಬ್‌ಗಳ ಹೊರೆ ಇಳಿಯಿತು. ಇಳಿದ ಹೊರೆ ಯುವ ಆಟಗಾರರ ಜೇಬಿನಿಂದಲೇ ಬಂದದ್ದು. ಶೋಧಕನ ಲೇಖನಿಯಿಂದ ಒಂದು ಅಂಕ ಕಡಿಮೆಯಾದರೆ ಲಕ್ಷಾಂತರ ಡಾಲರುಗಳ ವ್ಯತ್ಯಾಸವಾಗುತ್ತದೆ. ಮೊಣಕಾಲು ಯಾವ ದಿನವಾದರೂ ಕೈಕೊಡಬಹುದಾದ ಈ ಆಟದಲ್ಲಿ, ಅನೇಕರಿಗೆ ಎರಡನೆಯ ಒಪ್ಪಂದ ಮಾಡಿಕೊಳ್ಳುವ ಅವಕಾಶವೇ ಒದಗುವುದಿಲ್ಲ.

ತಪ್ಪು ದರ್ಜೆಯನ್ನು ಒಪ್ಪಿಕೊಳ್ಳುವುದು

ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿ ಬರಬಹುದಾದ ನಿವ್ವಳ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕೆಂಬುದು ಲೆಕ್ಕಶಾಸ್ತ್ರದ ನಿಯಮ. ದುಬಾರಿಯಾಗಿ ಕೊಂಡೆನೆಂಬ ಕಾರಣಕ್ಕೆ ಸರಕಿನ ಮೌಲ್ಯ ಹೆಚ್ಚಾಗದು. ಆದರೆ ಆಟಗಾರರ ವಿಷಯದಲ್ಲಿ ಕ್ಲಬ್‌ಗಳು ಹೀಗೆ ನಡೆದುಕೊಳ್ಳುವುದು ವಿರಳ. ಬ್ಯಾರಿ ಸ್ಟಾ ಹಾಗೂ ಹಾ ಹೋಆಂಗ್ ಎಂಬ ಸಂಶೋಧಕರು 1995ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಬ್ಯಾಸ್ಕೆಟ್‌ಬಾಲಿಗೆ ಸಂಬಂಧಿಸಿದ್ದು. ಸಾಮರ್ಥ್ಯ ಒಂದೇ ಆಗಿದ್ದರೂ ಮೇಲಿನ ಸರದಿಯಲ್ಲಿ ಆಯ್ಕೆಯಾದವನಿಗೆ ಹೆಚ್ಚು ಹೊತ್ತು ಆಡುವ ಅವಕಾಶ, ಹೆಚ್ಚು ವರ್ಷಗಳ ಬಾಳ್ವೆ ದೊರೆಯುತ್ತಿತ್ತೆಂದು ಅದು ತೋರಿಸಿತು. ಮುಳುಗಿದ ಬಂಡವಾಳವನ್ನು ಆಸ್ತಿಯೆಂದೇ ಬರೆದುಕೊಂಡು ಹೋಗುವ ಅಭ್ಯಾಸ!

ಈ ಹಿನ್ನೆಲೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕ್ಲಬ್ಬಿನ ಲೆಕ್ಕಪುಸ್ತಕದ ಎರಡು ನಮೂದುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು. 2021ರಲ್ಲಿ ಆ ಕ್ಲಬ್ 12ನೆಯ ಸರದಿಯಿಂದ 3ನೆಯದಕ್ಕೆ ಏರಲು, ತನ್ನ 12ನೆಯ ಸರದಿಯ ಜೊತೆಗೆ 2022 ಹಾಗೂ 2023ರ ಮೊದಲ ಸುತ್ತಿನ ಸರದಿಗಳನ್ನೂ ಒಂದು ಮೂರನೆಯ ಸುತ್ತಿನದನ್ನೂ ಮಯಾಮಿ ಕ್ಲಬ್ಬಿಗೆ ಬಿಟ್ಟುಕೊಟ್ಟಿತು. ಆಯ್ದದ್ದು ಟ್ರೇ ಲ್ಯಾನ್ಸ್ ಎಂಬ ಕ್ವಾರ್ಟರ್‌ಬ್ಯಾಕನ್ನು. ಕಾಲೇಜಿನಲ್ಲಿ ಒಂದೇ ಒಂದು ಪೂರ್ಣ ಋತು ಆಡಿದವರು, ಆದರೆ ಬಲಿಷ್ಠ ತೋಳು, ಉತ್ತಮ ಓಟ. ಒಪ್ಪಂದ 3 ಕೋಟಿ 41 ಲಕ್ಷ ಡಾಲರ್, ಪೂರ್ಣ ಖಾತರಿ. 2022ರಲ್ಲಿ ಅದೇ ಕ್ಲಬ್ ಕಟ್ಟಕಡೆಯ, ಅಂದರೆ 262ನೆಯ ಸರದಿಯಲ್ಲಿ ಬ್ರಾಕ್ ಪರ್ಡಿ ಎಂಬ ಕ್ವಾರ್ಟರ್‌ಬ್ಯಾಕನ್ನು ಆಯ್ದಿತು. ಕಟ್ಟಕಡೆಯವನನ್ನು ‘ಲೆಕ್ಕಕ್ಕಿಲ್ಲದ ಮಹಾಶಯ’ ಎಂಬರ್ಥದ ಬಿರುದಿನಿಂದ ತಮಾಷೆಗೆ ಸನ್ಮಾನಿಸುವುದು ಅಲ್ಲಿನ ರೂಢಿ. ಪರ್ಡಿ ಕಾಲೇಜಿನಲ್ಲಿ ನಾಲ್ಕು ವರ್ಷ ಆಡಿದ್ದರು. ಎತ್ತರ ಸಾಧಾರಣ, ತೋಳಿನ ಬಲವೂ ಸಾಧಾರಣವೆಂಬುದು ಶೋಧಕರ ಷರಾ. ನಾಲ್ಕು ವರ್ಷಗಳ ಒಪ್ಪಂದ ಸುಮಾರು 37 ಲಕ್ಷ ಡಾಲರ್.

2022ರ ಸೆಪ್ಟೆಂಬರಿನಲ್ಲಿ ಲ್ಯಾನ್ಸ್ ಅವರ ಕಾಲಿನ ಗಂಟು ಮುರಿಯಿತು. ಡಿಸೆಂಬರಿನಲ್ಲಿ ಅವರ ಬದಲಿಗೆ ಆಡುತ್ತಿದ್ದವರೂ ಗಾಯಗೊಂಡರು. ಬೇರೆ ದಾರಿಯಿಲ್ಲದೆ ಪರ್ಡಿ ಕಣಕ್ಕಿಳಿದರು, ಗೆಲ್ಲತೊಡಗಿದರು. 2023ರ ಆಗಸ್ಟಿನಲ್ಲಿ ಕ್ಲಬ್ ಲ್ಯಾನ್ಸ್ ಅವರನ್ನು ಡಲ್ಲಾಸಿಗೆ ವರ್ಗಾಯಿಸಿತು. ಪ್ರತಿಫಲ, ನಾಲ್ಕನೆಯ ಸುತ್ತಿನ ಒಂದು ಸರದಿ. ಮೂರು ಮೊದಲ ಸುತ್ತುಗಳ ಬಂಡವಾಳವನ್ನು ಎರಡೂವರೆ ವರ್ಷದೊಳಗೆ ನಷ್ಟಕ್ಕೆ ಬರೆದು ಖಾತೆ ಮುಚ್ಚಿದ ಈ ದಿಟ್ಟತನಕ್ಕೆ ಅಮೆರಿಕದಲ್ಲಿ ನಗೆಯಾಡಿದವರೇ ಹೆಚ್ಚು. ಲೆಕ್ಕಿಗನ ಕಣ್ಣಿಗೆ ಅದು ಇಡೀ ವ್ಯವಹಾರದಲ್ಲಿ ಅತ್ಯಂತ ಶಿಸ್ತಿನ ನಮೂದಾಗಿ ಕಾಣುತ್ತದೆ.

2024ರ ಫೆಬ್ರವರಿಯಲ್ಲಿ ಪರ್ಡಿ ತಮ್ಮ ತಂಡವನ್ನು ಸೂಪರ್ ಬೌಲ್‌ಗೆ ಕೊಂಡೊಯ್ದು, ಹೆಚ್ಚುವರಿ ಅವಧಿಯಲ್ಲಿ 22–25 ಅಂತರದಿಂದ ಸೋತರು. ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್, 2017ರ ಆ ಹತ್ತನೆಯ ಆಯ್ಕೆ ಮಹೋಮ್ಸ್. ನಿಯಮಾನುಸಾರ ಮೂರು ಋತುಗಳು ಮುಗಿಯುವವರೆಗೆ ಪರ್ಡಿಯವರ ಸಂಬಳವನ್ನು ಪರಿಷ್ಕರಿಸುವಂತಿರಲಿಲ್ಲ. ಆ ಅವಧಿ ಕಳೆದ ಮೇಲೆ, 2025ರ ಮೇ ತಿಂಗಳಿನಲ್ಲಿ, ಐದು ವರ್ಷಗಳಿಗೆ 26 ಕೋಟಿ 50 ಲಕ್ಷ ಡಾಲರುಗಳ ಹೊಸ ಒಪ್ಪಂದಕ್ಕೆ ಅವರು ಸಹಿ ಹಾಕಿದರು.